ಪೇಟ ತೆಗೆಯುವ ಮೌಲಾಸಾಬರು

ಅವತ್ತು ಗಣರಾಜ್ಯೋತ್ಸವದ ಹಿಂದಿನ ದಿನ. ಬ್ರೂಸ್‌ಪೇಟೆಯ ನಮ್ಮ ಓಣಿಯಲ್ಲಿ ಮೌಲಾಸಾಬರ ಅಂಗಡಿಯ ಮುಂದೆ ಬೆಳಿಗ್ಗೆಯಿಂದಲೇ ಜನ. ಅವರು ಕಟ್ಟೆಯ ಮೇಲೆ ಕೂತು ಒಂದೊಂದೇ ಪೇಟವನ್ನು ತಮ್ಮ ಮೊಣಕಾಲಿಗೆ ತೊಡಿಸಿ, ತಿರುಗಿಸಿ ನೋಡಿ, ಜರಿ ಸರಿಯಿದ್ದರೆ ಮೊಣಕಾಲಿಗೇ ಸಣ್ಣದೊಂದು ನಮಸ್ಕಾರ ಮಾಡಿ ಡಬ್ಬಿಗೆ ಇಡುತ್ತಿದ್ದರು. ಯಾರಾದರೂ ನಕ್ಕರೆ, "ಪೇಟ ಇಟ್ಟಮ್ಯಾಲೆ ಅದೂ ದೊಡ್ಡ ಮನಶಾನ" ಎನ್ನುತ್ತಿದ್ದರು.

ನಾನು ಒಳಗೆ ಶಾಲುಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಮದುವೆಯಾಗಿ ಸಿರುಗುಪ್ಪದಿಂದ ಬಳ್ಳಾರಿಗೆ ಬಂದ ವರ್ಷವೇ ಆ ಕೆಲಸಕ್ಕೆ ಸೇರಿದ್ದೆ. ಮೌಲಾಸಾಬರೂ ನಮ್ಮ ಸಿರುಗುಪ್ಪ ತಾಲ್ಲೂಕಿನವರೇ, ದೇಶನೂರಿನವರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. "ನೀವು ಚಾಚಾ ಆದ್ರ ನಾ ತಂಗಿ ಹೆಂಗಾಗ್ತೀನ್ರಿ?" ಎಂದು ಒಮ್ಮೆ ಕೇಳಿದ್ದಕ್ಕೆ, "ಅದನ್ನ ಆಮ್ಯಾಲೆ ನೋಡೂಣು, ಶಾಲು ಸುಡಾಕತ್ತೈತಿ" ಎಂದಿದ್ದರು.

ನಮ್ಮದು ಸನ್ಮಾನದ ಸಾಮಾನಿನ ಅಂಗಡಿ. ಶಾಲು, ಹಾರ, ಹಣ್ಣಿನ ಬುಟ್ಟಿ ಮಾರಾಟಕ್ಕೆ. ಚಾಚಾ ತಾವೇ ಕಟ್ಟಿದ ಮೈಸೂರು ಪೇಟ ಮಾತ್ರ ಬಾಡಿಗೆಗೆ. ವೇದಿಕೆಯ ಮೇಲೆ ತಲೆಗೆ ಏರಿದ ಪೇಟ ಫೋಟೊ ಆದಮೇಲೆ ಅಂಗಡಿಗೆ ವಾಪಸಾಗಬೇಕು. ಪೇಟ ಒಯ್ಯಲು ಬಂದವರಿಗೆ ಚಾಚಾ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ.

"ತಲಿ ಎಂಥದೈತಿ?"

"ತಲಿ ಅಂದ್ರ?" ಅವತ್ತು ಬಂದಿದ್ದ ಕುರುಗೋಡಿನ ಮೇಷ್ಟ್ರು ಗಾಬರಿಯಾದರು.

"ಕೂದ್ಲು ಐತೋ, ಬೋಳೋ? ಬೋಳಿದ್ರ ಒಳಗ ಬನೀನ್ ಬಟ್ಟಿ ಹಾಕಿ ಕೊಡ್ತೀನಿ. ಇಲ್ಲಾಂದ್ರ ಭಾಷಣದಾಗ ಮೂಗಿನಮ್ಯಾಲೆ ಬಂದು ಕುಂದರ್ತೈತಿ."

"ಅಧ್ಯಕ್ಷರ ತಲಿ ನಾ ಹೆಂಗ ನೋಡ್ಲಿ ಸಾಬ್ರೆ? ಯಾವಾಗ್ಲೂ ಟೊಪ್ಪಿಗಿ ಹಾಕ್ಕೊಂಡಿರ್ತಾರ."

"ಹಂಗಿದ್ರ ಬೋಳ. ತಂಗೀ, ಬನೀನ್ ಬಟ್ಟಿ ತಾ."

ದೊಡ್ಡ ಕಾರ್ಯಕ್ರಮಗಳಿಗೆ ಅವರೇ ಹೋಗುತ್ತಿದ್ದರು. ಪೇಟ ಇಡುವುದಕ್ಕಲ್ಲ, ತೆಗೆಯುವುದಕ್ಕೆ. "ಇಡೋದು ಯಾರಾದ್ರೂ ಇಡ್ತಾರ. ತಕ್ಕೊಳ್ಳೋದು ಮಾತ್ರ ಎಲ್ಲರ ಕೈಲಿ ಆಗಂಗಿಲ್ಲ" ಎಂದು ಬೀಗುತ್ತಿದ್ದರು. ಸನ್ಮಾನಿತರ ಕುರ್ಚಿಯ ಹಿಂದೆ ನಿಂತಿರುತ್ತಿದ್ದರು. ಫೋಟೊ ಮುಗಿದ ಕೂಡಲೇ ಎಡಗೈಯಿಂದ ಅವರ ಕೈಗೆ ಒಂದು ನಿಂಬೆಹಣ್ಣು ಕೊಡುವರು. ಇದೇನು ಎಂದು ಅವರು ಹಣ್ಣು ನೋಡುವಷ್ಟರಲ್ಲಿ ಬಲಗೈಯಲ್ಲಿ ಪೇಟ ಮೇಲೆದ್ದು, ನಮಸ್ಕಾರವೂ ಮುಗಿದಿರುತ್ತಿತ್ತು. ಬಹಳ ಜನ ಅದನ್ನೂ ಸನ್ಮಾನದ ಒಂದು ಭಾಗವೆಂದೇ ತಿಳಿದಿದ್ದರು.

ಒಮ್ಮೆ ಒಬ್ಬ ಮುಖಂಡರು ಪೇಟದ ಸಮೇತ ಕಾರು ಹತ್ತಿ ಹೋಗಿಬಿಟ್ಟರು. ಮರುದಿನ ಚಾಚಾ ಹಾರ, ಹಣ್ಣು, ಇನ್ನೊಂದು ಪೇಟ ಹಿಡಿದು ಅವರ ಮನೆಗೆ ಹೋಗಿ, "ನಿನ್ನಿ ಸನ್ಮಾನ ಅರ್ಧ ಆಗೇತ್ರಿ" ಎಂದರು. ಮುಖಂಡರು ಹಳೆಯ ಪೇಟ ಇಟ್ಟುಕೊಂಡೇ ಕೂತರು. ಅದನ್ನು ಇಳಿಸಿ ಹೊಸದನ್ನು ಇಟ್ಟು, ಆಮೇಲೆ ನಿಂಬೆಹಣ್ಣು ಕೊಟ್ಟು, ಚಾಚಾ ಎರಡು ಪೇಟದೊಂದಿಗೆ ವಾಪಸು ಬಂದರು.

ಆ ದಿನ ಮಧ್ಯಾಹ್ನ ಚನ್ನವೀರಪ್ಪನವರೂ ಬಂದಿದ್ದರು. ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯವರು. ಬಯಲಾಟದಲ್ಲಿ ರಾಜನ ವೇಷ ಹಾಕುವವರು. ಚಹಾ ಬೇಕೆಂದರೂ ಓಣಿಯೆಲ್ಲ ತಿರುಗಿ ನೋಡುವಂಥ ದನಿ. ಹುಡುಗರಾಗಿದ್ದಾಗ ಚಾಚಾ ಅವರ ಆಟಕ್ಕೆ ಕಿರೀಟ ಹೊರಲು ಹೋಗುತ್ತಿದ್ದರಂತೆ. ಅಂದಿನಿಂದ ಅವರ ಸ್ನೇಹ. ಚನ್ನವೀರಪ್ಪನವರ ತಲೆಯ ಮೇಲಿದ್ದದ್ದು ಕಟ್ಟಿಸಿದ ಕೂದಲು, ವಿಗ್ಗು. ಅದು ಗೊತ್ತಿದ್ದದ್ದು ಅವರ ಹೆಂಡತಿಗೆ, ಚಾಚಾಗೆ, ಚಾಚಾ ಬಾಯಿ ತಪ್ಪಿ ಹೇಳಿದ್ದರಿಂದ ನನಗೆ. ಪೇಟ ತೆಗೆಯುವಾಗ ಕೂದಲು ಜೊತೆಗೇ ಬರಬಾರದೆಂದು ಕಿರುಬೆರಳಿನಿಂದ ಒತ್ತಿ ಹಿಡಿಯಬೇಕು. ಆ ಕಿರುಬೆರಳು ಚಾಚಾ ಒಬ್ಬರದೇ.

ದಿಲ್ಲಿಯ ದೊಡ್ಡ ಪ್ರಶಸ್ತಿಗಳ ಹೆಸರು ಹೊರಬರುವುದು ಆ ದಿನವೇ. ಪ್ರತಿ ವರ್ಷವೂ ಚನ್ನವೀರಪ್ಪನವರು ಕಾಯುತ್ತಿದ್ದರು.

"ಈ ಸಲ ನಂದ ಐತಲೇ ಮೌಲಾ. ಕುರುಗೋಡಿನವ್ರು ಎಲ್ಲಾರೂ ಸೇರಿ ನನ್ನ ಹೆಸ್ರು ಕಳ್ಸ್ಯಾರ."

"ಬಂದ್ರ ದಿಲ್ಲಿತನಕ ಬಂದು ನಾನ ಪೇಟ ಇಡ್ತೀನಿ."

"ಇಡು. ತಗಿಯಾಕ ಮಾತ್ರ ಬರಬ್ಯಾಡ."

ಸಂಜೆ ಅಂಗಡಿಯ ಫೋನು ಹೊಡೆದುಕೊಂಡಿತು. ಆ ಕಡೆಯವರು ದಿಲ್ಲಿಯಿಂದ, ಪದ್ಮಶ್ರೀ ವಿಷಯವಾಗಿ ಎಂದರು. ದಿಲ್ಲಿಯವರಿಗೂ ಪೇಟ ಬೇಕಾಗಿದೆ ಎಂದುಕೊಂಡ ಚಾಚಾ, ಹೋಗಿಬರುವ ರೈಲಿನ ಖರ್ಚು ನಿಮ್ಮದೇ ಎಂದು ಉರ್ದುವಿನಲ್ಲಿ ಮೊದಲೇ ಗಟ್ಟಿ ಮಾಡಿಕೊಂಡು, ತಲೆ ಎಂಥದು ಎಂದು ಕೇಳಿದರು. ತಲೆ ನಿಮ್ಮದೇ ಎಂದರು ಅವರು. ಫೋನಿಗೆ ಕೈ ಅಡ್ಡ ಹಿಡಿದು ಚಾಚಾ ನನ್ನ ಕಡೆ ತಿರುಗಿದರು. "ತಂಗೀ, ನಮ್ಮ ಪೇಟಾನ ಬಾಡಗಿ ತಗೊಂಡು ನನಗ ಇಡ್ತಾರಂತ. ಯಾಕೋ ಇವ್ರ ವ್ಯವಹಾರ ಸರಿ ಇದ್ದಂಗಿಲ್ಲ."

ಆಮೇಲೆ ಟಿವಿಯಲ್ಲಿ ಅವರ ಹೆಸರು ಬಂತು. ಪೇಟದ ಕಲೆಗೆ ಪ್ರಶಸ್ತಿ. ಹೆಸರು ಕಳಿಸಿದ್ದು ಯಾರೋ ಇಂದಿಗೂ ಗೊತ್ತಿಲ್ಲ. ಓಣಿಯಲ್ಲಿ ಮಾತ್ರ ಎಲ್ಲರೂ ತಾವೇ ಕಳಿಸಿದ್ದು ಎಂದರು.

ಕುರುಗೋಡು ಉರಿದೆದ್ದಿತು. ರಾಜನ ವೇಷಕ್ಕೆ ಜೀವ ತೇದವರಿಗೆ ಇಲ್ಲದ ಪ್ರಶಸ್ತಿ ಬಾಡಿಗೆ ಅಂಗಡಿಯವನಿಗೆ ಯಾಕೆ ಎಂದು ಕೇಳಿತು. ಸಿರುಗುಪ್ಪದವರು ದೇಶನೂರಿನ ಮಗ ಎಂದು ಮೆರವಣಿಗೆ ಮಾಡಿದರು. ಬಳ್ಳಾರಿಯವರು ಅಂಗಡಿ ನಮ್ಮಲ್ಲಿದೆ ಎಂದು ಬ್ಯಾನರ್ ಕಟ್ಟಿದರು. ಮೊದಲು ನಕ್ಕು ಸುಮ್ಮನಿದ್ದ ಚನ್ನವೀರಪ್ಪನವರೂ ದಿನಾ ಹತ್ತು ಜನರ ಮಾತು ಕೇಳಿ ಅಂಗಡಿಗೆ ಬರುವುದು ನಿಲ್ಲಿಸಿದರು.

ಕೊನೆಗೆ ಕುರುಗೋಡಿನವರು ಅವರಿಗೆ 'ಜನರ ಪ್ರಶಸ್ತಿ' ಕೊಡಲು ನಿಶ್ಚಯಿಸಿದರು. ಪೇಟ ಬೇಕಲ್ಲ? ನಮ್ಮ ಅಂಗಡಿಗೇ ಬಂದರು.

"ತಪ್ಪು ತಿಳ್ಕೋಬ್ಯಾಡ್ರಿ ಸಾಬ್ರೆ," ಎಂದ ಅವರ ಮುಂದಾಳು. "ನಿಮ್ಮ ಪ್ರಶಸ್ತಿ ವಿರೋಧಿಸಿ ಕಾರ್ಯಕ್ರಮ ಇಟ್ಟೀವಿ. ಒಂದು ಚಲೋ ಪೇಟ ಕೊಡ್ರಿ."

"ವಿರೋಧ ಅಂದಮ್ಯಾಲೆ ಜರಿ ದೊಡ್ಡದು ಬೇಕು," ಎಂದರು ಚಾಚಾ. "ಯಾರ ತಲಿ?"

"ಚನ್ನವೀರಪ್ಪಂದು."

ಚಾಚಾ ತಮ್ಮ ಕಿರುಬೆರಳು ನೋಡಿಕೊಂಡರು. "ಅದಕ್ಕ ನಾನ ಬರಬೇಕಾಗತೈತಿ" ಎಂದರು.

ನಾನೂ ಹೋಗಿದ್ದೆ, ಶಾಲು ಹಿಡಿದುಕೊಂಡು. ವೇದಿಕೆಯ ಮೇಲೆ ಒಬ್ಬರಾದ ಮೇಲೊಬ್ಬರು ಮೌಲಾಸಾಬರನ್ನು ಬೈದರು. ಮೌಲಾಸಾಬರು ಕುರ್ಚಿಯ ಹಿಂದೆಯೇ ನಿಂತಿದ್ದರು. ಕುರ್ಚಿಯ ಹಿಂದೆ ನಿಂತವರನ್ನು ಯಾರೂ ನೋಡುವುದಿಲ್ಲ.

"ನಿನ್ನನ್ನ ಬೈಯಾಕತ್ತಾರಲೋ," ಎಂದು ಚನ್ನವೀರಪ್ಪನವರು ತುಟಿ ಅಲುಗಿಸದೆ ಹೇಳಿದ್ದು ನನಗೂ ಕೇಳಿಸಿತು. ಎಷ್ಟೋ ದಿನದ ಮೇಲೆ ಅವರಾಡಿದ ಮೊದಲ ಮಾತು.

"ಬೈಲಿ ಬಿಡು. ನೀ ತಲಿ ಅಳ್ಳಾಡಿಸಬ್ಯಾಡ."

ಚನ್ನವೀರಪ್ಪನವರ ಭುಜ ನಗುವಿಗೆ ಕುಣಿಯಿತು. ಎಲ್ಲ ಸರಿಹೋಯಿತು ಎಂದುಕೊಂಡೆ.

ಫೋಟೊ ಆಯಿತು. ಚಾಚಾ ನಿಂಬೆಹಣ್ಣು ಕೊಟ್ಟು ಪೇಟಕ್ಕೆ ಕೈ ಹಾಕಿದರು. ಆಗಲೇ ಮುಂದಿನ ಸಾಲಿನಿಂದ ಒಬ್ಬ, "ಲೇ, ಅವನ ಇವ! ನಮ್ಮ ಪೇಟಾನೂ ಕಸಗೊಳ್ಳಾಕ ಬಂದಾನ!" ಎಂದು ಕೂಗಿದ. ನಾಲ್ಕು ಜನ ಹತ್ತಿ ಬಂದು ಚಾಚಾರ ತೋಳು ಎಳೆದರು. ಕಿರುಬೆರಳು ಜಾರಿತು. ಪೇಟದ ಜೊತೆ ಕೂದಲೂ ಬಂತು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಚನ್ನವೀರಪ್ಪನವರು ನಿಂಬೆಹಣ್ಣು ಹಿಡಿದುಕೊಂಡು ಹಾಗೆಯೇ ಕೂತಿದ್ದರು. ಮರುದಿನ ಪತ್ರಿಕೆಯಲ್ಲಿ ಚಾಚಾರ ಕೈಯಲ್ಲಿ ಪೇಟ, ಅದರ ಕೆಳಗೆ ಜೋತಾಡುವ ಕೂದಲು.

ಚಾಚಾ ಬಾದನಹಟ್ಟಿಗೆ ಹೋದರು. ಹೆಂಡತಿ ಬಾಗಿಲಲ್ಲಿ ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದಾಗ, ಒಳಗಿನಿಂದ ಚನ್ನವೀರಪ್ಪನವರೇ ರಾಜನ ದನಿಯಲ್ಲಿ, "ನಾನು ಮನಿಯಾಗಿಲ್ಲ!" ಎಂದು ಕೂಗಿದರಂತೆ. ವಾಪಸು ಬಂದ ಚಾಚಾ, "ದನಿ ಚಲೋ ಐತಿ ತಂಗೀ. ಆರಾಮ ಅದಾನ" ಎಂದರು. ಅವತ್ತು ಊಟ ಮಾಡಲಿಲ್ಲ.

ದಿಲ್ಲಿಗೆ ಹೋಗಿಬಂದರು. ಎದೆಗೆ ಪದಕ ಚುಚ್ಚಿದ ಮೇಲೆ ಅದನ್ನು ವಾಪಸು ತೆಗೆದುಕೊಳ್ಳುವವನು ಈಗ ಬರುತ್ತಾನೆ, ಆಗ ಬರುತ್ತಾನೆ ಎಂದು ಸುಮಾರು ಹೊತ್ತು ಕಾದರಂತೆ. "ಯಾರೂ ಬರಲಿಲ್ಲ. ಅಲ್ಲಿಯವರಿಗೆ ಪದ್ಧತಿನ ಗೊತ್ತಿಲ್ಲ" ಎಂದರು. ಊರಿಗೆ ಬಂದ ವಾರದಲ್ಲೇ ಪದಕ ಕಿಸೆಯಲ್ಲಿಟ್ಟುಕೊಂಡು ಜಿಲ್ಲಾಧಿಕಾರಿಗಳ ಕಚೇರಿಗೆ ಹೋದರು. ನನ್ನನ್ನೂ ಕರೆದುಕೊಂಡು ಹೋದರು.

"ಸರ, ಇದನ್ನ ನನ್ನ ಗೆಳ್ಯಾಗ ಕೊಡಬೇಕ್ರಿ. ಒಂದು ವರ್ಷ ಅವ ಇಟ್ಕೊಳ್ಲಿ, ಒಂದು ವರ್ಷ ನಾನು. ಬಾಡಗಿ ಏನೂ ಬ್ಯಾಡ."

ಅಧಿಕಾರಿ ಕನ್ನಡಕ ತೆಗೆದರು. "ಅದು ನಿಮ್ಮದು ಕಣ್ರೀ. ದೇಶ ನಿಮಗೆ ಕೊಟ್ಟಿದ್ದು."

"ಹೌದ್ರಿ. ನನ್ನ ಎದಿಮ್ಯಾಲೆ ಫೋಟೊ ಆಗೈತಲ್ರಿ. ಇನ್ನ ಯಾಕ ನನಗ?"

"ಹಾಗೆ ಕೊಡೋಕೆ ಬರಲ್ಲ ಸಾಬ್ರೆ."

ಮೆಟ್ಟಿಲು ಇಳಿಯುವಾಗ ಚಾಚಾ ಅಂದರು: "ಕೊಡಾಕ ಕಲ್ತಾರ ತಂಗೀ, ತಗೊಳ್ಳಾಕ ಕಲ್ತಿಲ್ಲ."

ಆಮೇಲೆ ಅವರನ್ನು ಎಲ್ಲರೂ ವೇದಿಕೆಯ ಮೇಲೆ ಕೂರಿಸತೊಡಗಿದರು. ಹಿಂದೆ ನಿಲ್ಲಲು ಹೋದರೆ, "ದೊಡ್ಡೋರು, ಕುಂದರ್ರಿ" ಎಂದು ಎಳೆದು ತರುತ್ತಿದ್ದರು. ಅವರ ಪೇಟವನ್ನೇ ಅವರ ತಲೆಗೆ ಇಡುತ್ತಿದ್ದರು. ಓರೆಯಾಗಿದ್ದರೂ ಸರಿ ಮಾಡಿಕೊಳ್ಳುತ್ತಿರಲಿಲ್ಲ. ಸಭೆಯಲ್ಲಿ ಕಣ್ಣಾಡಿಸಿ ಬಾದನಹಟ್ಟಿಯವರು ಯಾರಾದರೂ ಬಂದಿದ್ದಾರೆಯೇ ಎಂದು ನೋಡುತ್ತಿದ್ದರು. ಸಿಕ್ಕವರ ಕೈಯಲ್ಲಿ ಒಂದೇ ಮಾತು ಹೇಳಿ ಕಳಿಸುತ್ತಿದ್ದರು: "ನಾ ಬೇಕಂತ ಮಾಡಿದ್ದಲ್ಲ ಅಂತ ಹೇಳ್ರಿ." ಉತ್ತರ ಬರಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ, ಒಂದು ಬೆಳಿಗ್ಗೆ, ಎದೆ ಹಿಡಿದುಕೊಂಡು ಕೂತ ಚಾಚಾ ಮತ್ತೆ ಏಳಲಿಲ್ಲ.

ಮನೆಯ ಮುಂದೆ ಬಹಳ ಜನ ಸೇರಿದ್ದರು. ಅವರ ನಡುವೆ ಚನ್ನವೀರಪ್ಪನವರು ಬರುವುದು ಕಂಡಿತು. ತಲೆಯ ಮೇಲೆ ಕೂದಲಿರಲಿಲ್ಲ. ಮಣ್ಣಿಗೆ ಹೋಗುವಾಗ ತಲೆ ಮುಚ್ಚಬೇಕೆಂದು ಯಾರೋ ಒಬ್ಬ ಮುದುಕರು ತಮ್ಮ ಕರವಸ್ತ್ರ ಬಿಚ್ಚಿ ಆ ಬೋಳುತಲೆಗೆ ಕಟ್ಟಿದರು. ಹೆಗಲು ಕೊಡಲು ಹೋಗುವ ಮುಂಚೆ ಚನ್ನವೀರಪ್ಪನವರು ನನ್ನ ಬಳಿ ಬಂದು ನಿಂತರು. ಆ ದೊಡ್ಡ ದನಿ ಕೇಳಿಸದಷ್ಟು ಸಣ್ಣದಾಗಿತ್ತು.

"ಅವ ಬೇಕಂತ ಮಾಡಿದ್ದಲ್ಲವ್ವಾ. ನಂಗ ಅವತ್ತ ಗೊತ್ತಿತ್ತು."

"ಮತ್ತ ಹೇಳಬೇಕಿತ್ತಲ್ರಿ."

"ನಕ್ಕಿದ್ರಲ್ಲ ಎಲ್ಲಾರೂ. ಆ ನೋವು ಆರ್ಲಿ ಅಂತ ಕಾದಿದ್ದೆ."

ಪದಕ ಚಾಚಾರ ಮಗಳ ಮನೆಯಲ್ಲಿದೆ. ಅಂಗಡಿಯನ್ನು ಅಳಿಯ ನೋಡಿಕೊಳ್ಳುತ್ತಾನೆ, ಶಾಲುಗಳಿಗೆ ನಾನೇ ಇಸ್ತ್ರಿ ಹಾಕುತ್ತೇನೆ. ಚನ್ನವೀರಪ್ಪನವರು ಹೇಳಿದ ಆ ಮಾತನ್ನು ಚಾಚಾ ಕೇಳಲಿಲ್ಲ.