ಊರಿನಿಂದ ತಂದ ಸಿರಪ್

ಸ್ಕೂಲಿನ ನರ್ಸ್ ಫೋನ್ ಮಾಡಿದರು. ಹತ್ತನೇ ಗ್ರೇಡಿನಲ್ಲಿರುವ ನನ್ನ ಮಗಳು ಮೇಘಾ ಕ್ಲಾಸಿನಲ್ಲಿ ಕುಸಿದು ಬಿದ್ದಿದ್ದಳು. ನಾನು ಹೋದಾಗ ಅವಳ ಕಣ್ಣು ಅರ್ಧ ತೆರೆದಿತ್ತು. ಅವಳಿಗೆ ನನ್ನ ಗುರುತು ಸಿಗಲಿಲ್ಲ.

ಎಮರ್ಜೆನ್ಸಿ ರೂಮಿನಲ್ಲಿ ಡಾಕ್ಟರ್ ಅವಳ ಬ್ಯಾಗಿನಲ್ಲಿದ್ದ ಬಾಟಲಿ ತೋರಿಸಿದರು. ಅಮಲು ತರುವ ಕೊಡೀನ್ ಇರುವ ಕೆಮ್ಮಿನ ಸಿರಪ್. ನಾನೇ ತಂದದ್ದು. ಊರಿಗೆ ಹೋದಾಗಲೆಲ್ಲ ವರ್ಷಕ್ಕಾಗುವಷ್ಟು ಔಷಧಿ ಸೂಟ್‌ಕೇಸಿಗೆ ತುಂಬಿಕೊಂಡು ಬರುವವಳು ನಾನು. ಇಲ್ಲಿ ಅಮೆರಿಕದ ಡಾಕ್ಟರ್‌ಗಳಿಗಿಂತ ನನಗೇ ಹೆಚ್ಚು ಗೊತ್ತು ಎಂಬ ಜಂಭ ಬೇರೆ.

ಯಾವಾಗಿನಿಂದ ತೆಗೆದುಕೊಳ್ಳುತ್ತಿದ್ದಾಳೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಸುಳ್ಳು.

ಬ್ಯಾಂಕುಗಳು ಮುಳುಗಿದ ವರ್ಷ ಗಂಡನ ಕೆಲಸ ಹೋಯಿತು. ಕಡಿಮೆ ಸಂಬಳದ ಇನ್ನೊಂದು ಕೆಲಸ ಸಿಕ್ಕಿ ವೀಸಾ ಹೇಗೋ ಉಳಿಯಿತು. ನದಿಯ ಕಡೆಯ ಅಪಾರ್ಟ್‌ಮೆಂಟ್ ಬಿಟ್ಟು ಬಾಡಿಗೆ ಕಡಿಮೆಯಿರುವ ಜರ್ಸಿ ಸಿಟಿಯ ಒಳಭಾಗಕ್ಕೆ ಬಂದೆವು. ಅವಳು ಹೀಗೆ ಕುಸಿದು ಬೀಳುವ ಆರು ತಿಂಗಳ ಮೊದಲು, ಒಂದು ಮಧ್ಯಾಹ್ನ, ಬಸ್ ಸ್ಟಾಪಿನಲ್ಲಿ ಮೇಘಾಳ ಕ್ಲಾಸಿನ ಹುಡುಗನೊಬ್ಬನನ್ನು ಅವಳ ಕಣ್ಣೆದುರೇ ಗುಂಡಿಟ್ಟು ಕೊಂದರು. ಮನೆಗೆ ಬಂದವಳು ಗಡಗಡ ನಡುಗುತ್ತಿದ್ದಳು.

"ಅಮ್ಮಾ, ಐ ಸಾ ಹೂ ಡಿಡ್ ಇಟ್."

"ಯಾರ ಹತ್ರಾನೂ ಹೇಳ್ಬೇಡ ಪುಟ್ಟಿ. ಪೊಲೀಸು, ಕೋರ್ಟು ಅಂತಾದ್ರೆ ಅಪ್ಪನ ವೀಸಾಗೆ ತೊಂದ್ರೆ ಆಗತ್ತೆ."

ನಡುಕ ನಿಲ್ಲಲಿ ಎಂದು ಒಂದು ಚಮಚ ಸಿರಪ್ ಕುಡಿಸಿದೆ. ಮಲಗಿದಳು. ಎದ್ದ ಮೇಲೆ ಆ ಮಾತೇ ಎತ್ತಲಿಲ್ಲ. ಸದ್ಯ, ಮರೆತಳಲ್ಲ ಎಂದುಕೊಂಡೆ. ಆಮೇಲೆ ಕಪಾಟಿನಲ್ಲಿ ಬಾಟಲಿಗಳು ಕಡಿಮೆಯಾಗುತ್ತಿದ್ದುದು ಕಣ್ಣಿಗೆ ಬೀಳದೆ ಇರಲಿಲ್ಲ. ಗಂಡನ ಕೆಮ್ಮಿಗೆ ಖರ್ಚಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಮೂರನೇ ದಿನ ಆಸ್ಪತ್ರೆಯ ಕೌನ್ಸೆಲರ್ ಮೇಘಾಳನ್ನು ಕೇಳಿದರು, ಇದನ್ನು ಮೊದಲು ಕೊಟ್ಟವರು ಯಾರು ಎಂದು. ಅವಳು ನನ್ನ ಮುಖ ನೋಡಿದಳು.

"ಐ ಜಸ್ಟ್ ಫೌಂಡ್ ಇಟ್."

ಬಾಯಿ ಮುಚ್ಚಿಕೊಂಡಿರುವುದನ್ನು ನಾನೇ ಕಲಿಸಿದ್ದೆ. ಈಗ ನನ್ನನ್ನು ಉಳಿಸಲು ಬಾಯಿ ಮುಚ್ಚಿಕೊಂಡಿದ್ದಳು.

"ನಾನೇ ಕೊಟ್ಟೆ" ಎಂದು ಕೌನ್ಸೆಲರ್‌ಗೆ ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಆರು ತಿಂಗಳಲ್ಲಿ ಮೊದಲ ಸಲ ಮೇಘಾ ಅತ್ತಳು. ಮರುವಾರ ಪೊಲೀಸರಿಗೆ ಹೇಳಿಕೆ ಕೊಟ್ಟಳು. ವೀಸಾಗೆ ಏನೂ ಆಗಲಿಲ್ಲ.

ಏನೂ ಆಗಲಿಲ್ಲ.

ಈಗ ವಾರಕ್ಕೆ ಮೂರು ದಿನ ಚಟ ಬಿಡಿಸುವ ರಿಹ್ಯಾಬ್‌ಗೆ ಹೋಗುತ್ತಾಳೆ. ಒಂದು ಸಲ ಮತ್ತೆ ಸಿರಪ್ ಕುಡಿದಿದ್ದಳು, ಅವಳೇ ಬಂದು ಹೇಳಿದಳು. ಪೂರ್ತಿ ವಾಸಿಯಾಯಿತು ಎಂದು ಡಾಕ್ಟರ್ ಹೇಳುತ್ತಿಲ್ಲ, ನಾನೂ ಕೇಳುತ್ತಿಲ್ಲ. ಅವಳು ಬದುಕಿದ್ದಾಳೆ. ಆ ಹುಡುಗನ ತಾಯಿಗೆ ಅದೂ ಇಲ್ಲ.

ನಿನ್ನೆ ಮೇಘಾ ಅಡುಗೆಮನೆಗೆ ಬಂದು, ಆ ಹುಡುಗ ಬಸ್ಸಿನಲ್ಲಿ ದಿನಾ ತನಗೊಂದು ಸೀಟು ಹಿಡಿದಿಡುತ್ತಿದ್ದ ಎಂದಳು. ಒಲೆ ಆರಿಸಿ ಎದುರು ಕೂತೆ.

"ಅವನ ಹೆಸರೇನು ಪುಟ್ಟಿ?"

ಅವತ್ತೇ ಕೇಳಬೇಕಿತ್ತು.