ನನ್ನವಳ ಕೆಂಪು ಬಿಲ್ಲೆ

ಮದುವೆಯಾದ ಹೊಸತರಲ್ಲಿ ಒಂದು ದಿನ ನಾನು ಸ್ಟೂಲು ಹತ್ತಿ ಬಲ್ಬಿನ ಹೋಲ್ಡರ್ ಬಿಚ್ಚುತ್ತಿದ್ದೆ. ನನ್ನ ಹೆಂಡತಿ ಮನೆಯ ಫ್ಯೂಸ್ ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು. ಒಳ್ಳೆಯದೇ. ಆಮೇಲೆ ಅದೇ ಚೀಲ ಹೆಗಲಿಗೇರಿಸಿ ಡ್ಯೂಟಿಗೆ ಹೊರಟುಹೋದಳು! ಇಡೀ ದಿನ ನನ್ನ ಹೊಲಿಗೆ ಮಷೀನಿನ ಮೋಟಾರು ತಿರುಗಲಿಲ್ಲ, ನಾಲ್ಕು ಗಿರಾಕಿಗಳು ಬೈದು ಹೋದರು. ಸಂಜೆ ಬಂದವಳ ಮೇಲೆ ಹಾರಾಡಿದರೆ, "ಸ್ಟೂಲಿಂದ ಇಳಿದೆ ಅಂತ ನೀವು ನನಗೆ ಹೇಳಿದ್ರಾ? ಹೇಳ್ದೆ ಹೇಗ್ರೀ ಫ್ಯೂಸ್ ಹಾಕ್ಲಿ?" ಅಂದಳು. ನಾನು ಕಟ್ಟಿಕೊಂಡಿರುವುದು ಒಂದು ಸಬ್‌ಸ್ಟೇಷನ್ನನ್ನು ಎಂದು ಅವತ್ತೇ ನನಗೆ ಗೊತ್ತಾಯಿತು.

ಅವಳು ಊರಿನ ಕರೆಂಟ್ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಇಪ್ಪತ್ತೇಳು ವರ್ಷದಿಂದ ಅದೇ ಕಂಟ್ರೋಲ್ ರೂಮು, ಒಂದು ಕೈ ಮುರಿದ ಅದೇ ಮರದ ಕುರ್ಚಿ. ಎದುರಿಗೆ ಗೋಡೆಯುದ್ದಕ್ಕೂ ಬೀರುಗಳ ಹಾಗೆ ನಿಂತ ಬೂದು ಪ್ಯಾನೆಲ್ಲುಗಳು, ಒಂದೊಂದು ಲೈನಿಗೆ ಒಂದೊಂದು ಸ್ವಿಚ್ಚು. ಲೈನ್‌ಮನ್ ಕಂಬ ಹತ್ತುವ ಮೊದಲು ಇವಳ ಹತ್ತಿರ ಬಂದು ಎಲ್‌ಸಿ ತೆಗೆದುಕೊಳ್ಳಬೇಕು. ಅಂದರೆ ಇವಳು ಆ ಲೈನ್ ಆಫ್ ಮಾಡಿ, ಅವನ ಹೆಸರು ಬರೆದ ಕೆಂಪು ಬಿಲ್ಲೆಯನ್ನು ಸ್ವಿಚ್ಚಿಗೆ ನೇತುಹಾಕಿ, ಅವನ ಕೈಗೊಂದು ಚೀಟಿ ಕೊಡುತ್ತಾಳೆ. ಕೆಲಸ ಮುಗಿಸಿ ಅವನೇ ಬಂದು ಚೀಟಿ ವಾಪಸ್ ಕೊಟ್ಟು ಸಹಿ ಹಾಕುವ ತನಕ ಆ ಬಿಲ್ಲೆ ಅಲುಗುವಂತಿಲ್ಲ. ಅವನ ಅಣ್ಣ ಬಂದರೂ ಇಲ್ಲ, ಮಂತ್ರಿ ಬಂದರೂ ಇಲ್ಲ. ಈ ಕಾಯಿಲೆ ಮನೆಗೂ ಅಂಟಿ, ನಮ್ಮ ಬಚ್ಚಲಿನ ಗೀಸರಿಗೂ ಒಂದು ಬಿಲ್ಲೆ ಬಿದ್ದಿದೆ.

ಅಂಥವಳ ಕುರ್ಚಿಗೇ ಸಂಚಕಾರ ಬಂತು. ಕರೆಂಟನ್ನು ಖಾಸಗಿ ಕಂಪನಿಗೆ ಕೊಡುತ್ತಾರಂತೆ, ಕಂಪನಿಯವರು ಎಲ್ಲೋ ದೂರದ ಒಂದು ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲೇ ಎಲ್ಲ ಸ್ಟೇಷನ್ನುಗಳನ್ನೂ ನಡೆಸುತ್ತಾರಂತೆ, ಆಪರೇಟರುಗಳೇ ಬೇಡವಂತೆ! ಯೂನಿಯನ್ನಿನವರು ಕೆರಳಿ ನಿಂತರು. ದರ್ಜಿಯಾದ ನನ್ನ ಸೊಂಟ ಅವರ ಬಾವುಟ ಹೊಲಿದು ಹೊಲಿದು ಬಿದ್ದುಹೋಯಿತು. ಇವಳಿಗೋ ಊಟಕ್ಕೆ ಕೂತರೆ ತುತ್ತು ಇಳಿಯದು. "ಆ ಕುರ್ಚಿ ಹೋದ್ರೆ ನಾನು ಯಾರ್ರೀ?" ಎಂದು ಒಂದು ದಿನ ಅತ್ತೇಬಿಟ್ಟಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಯೂನಿಯನ್ ಮೆರವಣಿಗೆ ಇಟ್ಟ ದಿನವೇ ಕಂಪನಿಯವರು ಸಮಾರಂಭ ಇಟ್ಟರು. ಅವರ ದೊಡ್ಡ ಸಾಹೇಬರು ನಮ್ಮ ಸ್ಟೇಷನ್ನಿಗೆ ಬಂದು, ಫೋಟೋದವರ ಮುಂದೆ ಕೈಯಾರೆ ಒಂದು ಲೈನಿಗೆ ಕರೆಂಟ್ ಹರಿಸಿ ಚಾರ್ಜ್ ಮಾಡಿ, ಇನ್ನು ಇದೆಲ್ಲ ನಮ್ಮದು ಅಂತ ಸಾರುವುದು. ಜನರ ಮನೆಯ ಕರೆಂಟ್ ನಿಲ್ಲಬಾರದು, ಶಿಫ್ಟಿನಲ್ಲಿರುವವರು ಕುರ್ಚಿ ಬಿಟ್ಟು ಏಳಬಾರದು ಎಂದು ಯೂನಿಯನ್ನೇ ಕಟ್ಟಪ್ಪಣೆ ಮಾಡಿತ್ತು. ಹಾಗಾಗಿ ಇವಳು ಮೆರವಣಿಗೆ ತಪ್ಪಿಹೋಯಿತೆಂದು ಮುಖ ಊದಿಸಿಕೊಂಡು ಡ್ಯೂಟಿಗೆ ಹೋದಳು, ಊಟದ ಡಬ್ಬಿ ಮರೆತಳು. ಡಬ್ಬಿ ಕೊಡಲು ಹೋದ ನಾನು ತಮಾಷೆ ನೋಡೋಣವೆಂದು ಬಾಗಿಲಲ್ಲೇ ನಿಂತೆ.

ಸಾಹೇಬರು ಬಂದರು, ನಕ್ಕರು, ಸ್ವಿಚ್ಚಿಗೆ ಕೈ ಚಾಚಿದರು. ಅಲ್ಲಿ ಕೆಂಪು ಬಿಲ್ಲೆ!

"ಇದೇನಮ್ಮಾ?"

"ಜಿರಾಫೆ ಎಲ್‌ಸಿ ತಗೊಂಡಿದ್ದಾನೆ ಸಾರ್. ವಾಪಸ್ ಕೊಟ್ಟಿಲ್ಲ."

ಜಿರಾಫೆ ನಮ್ಮ ಉದ್ದನೆಯ ಲೈನ್‌ಮನ್. ಬೆಳಿಗ್ಗೆ ಸ್ಟೇಷನ್ ರಸ್ತೆಯ ಕೊನೆಯ ಕಂಬ ಹತ್ತಿದ್ದ. ಫೋನ್ ಮಾಡಿದರೆ ಎತ್ತಲಿಲ್ಲ. ಸಾಹೇಬರು ಟೈ ಕಟ್ಟಿದ ತಮ್ಮ ಎಳೆಯ ಅಧಿಕಾರಿಯನ್ನು ಕಂಬದ ಹತ್ತಿರಕ್ಕೆ ಓಡಿಸಿದರು. ಹತ್ತು ನಿಮಿಷಕ್ಕೆ ಅವನ ಫೋನು: "ಕಂಬ ಖಾಲಿ ಸಾರ್! ಏಣಿ ಇದೆ, ಮೇಲೆ ಒಂದು ಸಾಮಾನಿನ ಚೀಲ ನೇತಾಡ್ತಿದೆ. ಯಾರೂ ಇಲ್ಲ."

"ಕೇಳಿಸ್ತಲ್ಲ? ಬಿಲ್ಲೆ ತೆಗೀರಿ."

"ಜಿರಾಫೆ ಬರ್ಲಿ ಸಾರ್."

"ನಾನು ಹೇಳ್ತಿದ್ದೀನಲ್ಲ!"

"ತಗೊಂಡವನೇ ವಾಪಸ್ ಕೊಡ್ಬೇಕು ಸಾರ್. ನೀವು ಜಿರಾಫೆ ಅಲ್ಲ."

ಫೋಟೋದವನು ಕಿಸಕ್ಕನೆ ನಕ್ಕ. ಸಾಹೇಬರ ಮುಖ ಕೆಂಪಗಾಯಿತು. ಐದು ನಿಮಿಷದಲ್ಲಿ ತೆಗೆಯದಿದ್ದರೆ ಸಸ್ಪೆಂಡ್, ಕೆಲಸದ ಆಸೆ ಬಿಡಿ ಅಂದರು. ಇವಳು ಕುರ್ಚಿಯನ್ನು ಕಿರ್ರನೆ ಎಳೆದು ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. "ರೀ, ಡಬ್ಬಿ ಕೊಡಿ ಇಲ್ಲಿ" ಎಂದು ಊಟಕ್ಕೇ ಶುರುಮಾಡಿದಳು! ಕಲಸಿದ್ದನ್ನೇ ಕಲಸುತ್ತಿದ್ದಳು, ಒಂದು ತುತ್ತೂ ಬಾಯಿಗೆ ಹೋಗಲಿಲ್ಲ. ನಾನೊಬ್ಬ ಪೆದ್ದ, ಅದನ್ನು ನೋಡಲಾರದೆ, "ತೆಗೆದುಬಿಡೇ, ಕಂಬ ಖಾಲಿಯಂತಲ್ಲ" ಅಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ, ನಾನು ಇನ್ನೂ ಆ ಸ್ಟೂಲಿನ ಮೇಲೆಯೇ ನಿಂತಿದ್ದೇನೆ ಅನಿಸಿತು.

ಅಷ್ಟರಲ್ಲಿ ಧಡಧಡ ಎಂದು ಓಡಿ ಬಂದ ನೋಡಿ ಜಿರಾಫೆ! ಕೊರಳಲ್ಲಿ ಡ್ರಮ್ಮು, ಮೈಯೆಲ್ಲ ಬೆವರು.

"ಅಕ್ಕಾ, ತಪ್ಪಾಯ್ತಕ್ಕಾ! ಕಂಬ ಇಳಿದೆ, ಮೆರವಣಿಗೆ ಬಂತು, ಯಾರೋ ಡ್ರಮ್ ಕೊಟ್ರು. ಚೀಲ ಮೇಲೇ ಬಿಟ್ಟು, ಚೀಟಿ ಜೇಬಲ್ಲೇ ಇಟ್ಕೊಂಡು ಕುಣೀತಾ ಹೋಗ್ಬಿಟ್ಟೆ!"

"ಬಂದ್ಯಲ್ಲ, ಹಾಕು ಸಹಿ!" ಎಂದು ಸಾಹೇಬರು ಗುಡುಗಿದರು.

"ಎಲ್ಲಿ ಹಾಕ್ಲಿ ಸಾರ್? ಮೆರವಣಿಗೆ ಊರು ಸುತ್ತಿ ವಾಪಸ್ ಬಂದ್ರೆ, ನನ್ನ ಕಂಬದ ಮೇಲೆ ಯಾರೋ ಟೈ ಕಟ್ಕೊಂಡವರು ತಂತಿ ಪಕ್ಕದಲ್ಲೇ ಕೂತಿದ್ದಾರೆ! ಏಣಿ ಜಾರಿ ಬಿದ್ದಿದೆ. ಅವರು 'ಕಾಪಾಡಿ, ಕಾಪಾಡಿ' ಅಂತ ಅರಚಿದ್ರೆ, ನಮ್ಮವರು ಹೊಸ ಘೋಷಣೆ ಅಂದ್ಕೊಂಡು ತಾವೂ 'ಕಾಪಾಡಿ, ಕಾಪಾಡಿ' ಅಂತ ಕೂಗ್ತಾ ಮುಂದೆ ಹೋದ್ರು! ನಾನು ಕೂಗಿ ಹೇಳಿದ್ಮೇಲೆ ಈಗ ಏಣಿ ಹಾಕ್ತಿದ್ದಾರೆ. ನನಗೆ ಜೇಬಲ್ಲಿದ್ದ ಚೀಟಿ ನೆನಪಾಗಿ ಜೀವ ಬಾಯಿಗೆ ಬಂತು. ನೀವು ಲೈನ್ ಹಾಕಿಲ್ಲ ತಾನೇ ಅಕ್ಕಾ?"

ಇವಳು ಎದ್ದು ಪಕ್ಕಕ್ಕೆ ಸರಿದು ಬಿಲ್ಲೆ ತೋರಿಸಿದಳು. ಕಂಬ ಖಾಲಿ ಅಂತ ಫೋನಿನಲ್ಲಿ ಹೇಳಿದ ಮೇಲೆ ಆ ಪುಣ್ಯಾತ್ಮ, ಚೀಲವನ್ನೂ ಇಳಿಸಿ ತಂದು ಸಾಹೇಬರಿಂದ ಭೇಷ್ ಅನ್ನಿಸಿಕೊಳ್ಳೋಣವೆಂದು ತಾನೇ ಏಣಿ ಹತ್ತಿದ್ದನಂತೆ. ಮುಖ ಬಿಳುಚಿಕೊಂಡ ಸಾಹೇಬರು ಕೂರಲು ಸುತ್ತಲೂ ಜಾಗ ಹುಡುಕಿದರು. ಆ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. "ಕೂತ್ಕೊಳ್ಳಿ ಸಾರ್, ಕೈ ಮುರಿದಿದೆ, ಹುಷಾರು" ಎಂದು ಇವಳೇ ಕೂರಿಸಿ ನೀರು ಕೊಟ್ಟಳು.

ಟೈನವನನ್ನು ಇಬ್ಬರು ಹಿಡಿದುಕೊಂಡು ಬಂದರು. ಪ್ಯಾಂಟಿನ ಹಿಂದಿನ ಹೊಲಿಗೆ ಪೂರ್ತಿ ಬಿಟ್ಟಿತ್ತು. ಹಾಳು ಕಸುಬು, ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಅವನು ನೇರ ಬಿಲ್ಲೆಯ ಹತ್ತಿರ ಹೋಗಿ ಅದನ್ನು ಮುಟ್ಟಿ ನೋಡಿದ.

"ಅಮ್ಮಾ, ನಿಮ್ಮ ಜಾಗದಲ್ಲಿ ಕಂಪ್ಯೂಟರ್ ಇದ್ದಿದ್ರೆ?"

"ಅದು ಪಾಪ, ನನ್ನ ಹಾಗಲ್ಲ ಕಣಪ್ಪಾ. ಸಾಹೇಬರು ಹೇಳಿದ ತಕ್ಷಣ ಕೇಳ್ತಿತ್ತು."

ಆಪರೇಟರುಗಳನ್ನು ತೆಗೆಯಬಾರದು ಎಂದು ಯೂನಿಯನ್ನಿನವರು ಬರೆದ ಮನವಿ ಮೇಜಿನ ಮೇಲಿತ್ತು. ಟೈನವನು ಜಿರಾಫೆಯ ಪೆನ್ನು ಕಿತ್ತುಕೊಂಡು, ತನ್ನ ಸಾಹೇಬರ ಎದುರಿಗೇ, ಅದಕ್ಕೆ ಸಹಿ ಹಾಕಿದ. ಜಿರಾಫೆ ಎಲ್‌ಸಿ ವಾಪಸ್ ಕೊಟ್ಟ, ಇವಳು ಬಿಲ್ಲೆ ಕಿತ್ತು ತಾನೇ ಲೈನ್ ಚಾರ್ಜ್ ಮಾಡಿದಳು. ಸಾಹೇಬರು ಕೈ ಚಾಚಲಿಲ್ಲ. ಕಂಪನಿ ಬೇಕೋ ಬೇಡವೋ ಎಂಬ ಜಗಳ ಇನ್ನೂ ನಡೆದೇ ಇದೆ. ಆದರೆ ಹದಿನೈದು ದಿನಕ್ಕೆ ಒಂದು ಕಾಗದ ಬಂತು, ಯಾವ ಸ್ಟೇಷನ್ನಿನಿಂದಲೂ ಆಪರೇಟರನ್ನು ಏಳಿಸುವುದಿಲ್ಲ ಅಂತ.

ಸಮಾರಂಭದ ಆ ದಿನ ಮಾತ್ರ ಇಡೀ ಮೆರವಣಿಗೆ ಸ್ಟೇಷನ್ನಿನ ಗೇಟಿಗೆ ಬಂದು ನಿಂತಿತ್ತು. ಇವಳನ್ನು ಕುರ್ಚಿ ಸಮೇತ ಹೊತ್ತುಕೊಂಡು ಹೋಗುತ್ತೇವೆ ಅಂದರೆ, ಶಿಫ್ಟ್ ಮುಗಿದಿಲ್ಲ ಅಂತ ಗದರಿಸಿದಳು. ಎರಡು ಗಂಟೆಗೆ ಮುಂದಿನ ಶಿಫ್ಟಿನವನು ಬಂದು ಡ್ಯೂಟಿ ವಹಿಸಿಕೊಳ್ಳುವ ತನಕ ಅಷ್ಟೂ ಜನ ಬಿಸಿಲಲ್ಲಿ ಕಾದರು! ಆಮೇಲೆ ಎತ್ತಿದರು ನೋಡಿ, ಡ್ರಮ್ಮು, ಸಿಳ್ಳೆ, ಕೇಕೆ. ಕುರ್ಚಿಯ ಒಂದು ಕಾಲು ನನ್ನ ಹೆಗಲ ಮೇಲಿತ್ತು, ನನಗೆ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಇವಳು ಮೇಲಿಂದ, ಅಷ್ಟು ಗದ್ದಲದಲ್ಲೂ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು:

"ರೀ! ನಾನು ಮೇಲಿದ್ದೀನಿ! ಇಳಿದೆ ಅಂತ ನಾನೇ ಬಾಯಿಬಿಟ್ಟು ಹೇಳೋ ತನಕ ಯಾರೂ ಕೈ ಬಿಡಬೇಡಿ!"

ಯಾರೂ ಬಿಡಲಿಲ್ಲ.