ನಮ್ಮ ಬೀದಿಯ ಎಫ್‌ಎಂ

ಸಾರಕ್ಕಿಯ ನಮ್ಮ ಬೀದಿಯಲ್ಲಿ ರೇಡಿಯೋ ರಿಪೇರಿಯವರೊಬ್ಬರಿದ್ದರು. ಅಂಗಡಿಯ ಮೇಲಿನ ಕೋಣೆಯಿಂದ, ಲೈಸೆನ್ಸ್ ಗೀಸೆನ್ಸ್ ಇಲ್ಲದೆ, ಒಂದು ಪುಟ್ಟ ಎಫ್‌ಎಂ ನಡೆಸುತ್ತಿದ್ದರು. ನೀರು ಬಿಟ್ಟ ಸುದ್ದಿ, ಕರೆಂಟ್ ಹೋಗುವ ಸುದ್ದಿಯನ್ನು ಅವರ ಹೆಂಡತಿ ಅದರಲ್ಲಿ ಹೇಳುತ್ತಿದ್ದರು. ಗಂಡ ಮಾತ್ರ ಎದುರು ಸಿಕ್ಕವರನ್ನೆಲ್ಲ ನಿಲ್ಲಿಸಿ, ತಲೆ ಓರೆ ಮಾಡಿ ಕೇಳುತ್ತಿದ್ದುದು ಒಂದೇ: "ಎಲ್ಲೀವರೆಗೂ ಕೇಳಿಸ್ತು?"

ಹೆಂಡತಿ ತೀರಿಕೊಂಡ ಮೇಲೂ ಎಫ್‌ಎಂ ನಿಲ್ಲಲಿಲ್ಲ. ಆಕೆಯ ಹಳೆಯ ರೆಕಾರ್ಡಿಂಗನ್ನೇ ಹಾಕುತ್ತಿದ್ದರು. "ಈಗ ನೀರು ಬಿಟ್ಟಿದ್ದಾರೆ" ಎಂಬ ಆ ದನಿಯನ್ನು ನಂಬಿ, ಬೀದಿಗೆ ಹೊಸಬರಾದ ಬಾಡಿಗೆಯವರು ಒಣ ನಲ್ಲಿಯ ಕೆಳಗೆ ಬಿಂದಿಗೆ ಇಡುತ್ತಿದ್ದರು.

"ಮನೇಲೇ ಹಾಕ್ಕೊಂಡು ಕೇಳಬಾರ್ದಾ?" ಎಂದೆ.

"ಮನೇಲಿ ಹಾಕಿದ್ರೆ ಬರೀ ರೆಕಾರ್ಡಿಂಗು. ಗಾಳೀಲಿ ಬಂದ್ರೆ ಅವಳೇ ಎಲ್ಲಿಂದಲೋ ಮಾತಾಡ್ದಂಗಿರುತ್ತೆ," ಎಂದರು.

ಯಾರು ದೂರು ಕೊಟ್ಟರೋ, ಒಂದು ದಿನ ಅಧಿಕಾರಿಗಳು ಬಂದು ಟ್ರಾನ್ಸ್‌ಮಿಟರ್ ಬಿಚ್ಚಿದರು. ರಿಪೇರಿಯವರು ಅಡ್ಡ ಬರಲಿಲ್ಲ.

"ಎಲ್ಲೀವರೆಗೂ ಕೇಳಿಸ್ತು ಸಾರ್?"

"ಕತ್ರಿಗುಪ್ಪೆವರೆಗೂ ಬರ್ತಿತ್ತು ಕಣ್ರೀ."

"ಅಷ್ಟು ದೂರ ಹೋಗಿದ್ಲಾ," ಎಂದು ಗೋಡೆಗೆ ಒರಗಿ ಕೂತರು.